ಬೋರ್ಡಿಗೆ ಹಚ್ಚಿದ ಕುಂಕುಮ

ಅಣ್ಣಾ,

ನೀನು ಹೋದ ಮೇಲೆ ಕೆಟ್ಟು ನಿಂತಿದ್ದ, ಗಂಗಾವತಿಯ ಅಂಗಡಿಯಲ್ಲಿರುವ ನಿನ್ನ ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಮಷೀನು ಇವತ್ತು ಮತ್ತೆ ಶುರುವಾಯಿತು. ಮಹಾನವಮಿಯೊಳಗೆ ರಿಪೇರಿಯಾಗದಿದ್ದರೆ ಗುಜರಿಗೆ ಹಾಕುವುದೆಂದು ಅತ್ತಿಗೆ ಹೇಳಿಬಿಟ್ಟಿದ್ದರು.

ಬಿಚ್ಚಿ ನೋಡಿದರೆ ಸಿಟ್ಟು ನೆತ್ತಿಗೇರಿತು. ಪ್ರತಿ ವರ್ಷ ಆಯುಧಪೂಜೆಗೆ, ಕುಂಕುಮ ಮೇಲಿನ ಗಾಜಿಗೆ ಹಚ್ಚು ಎಂದು ಬೇಡಿಕೊಳ್ಳುತ್ತಿದ್ದೆ. "ಜೀವ ಇರೋದು ಒಳಗಲ್ಲೇನೋ, ಅಂಜುಬುರುಕ?" ಎಂದು ನಕ್ಕು, ನೀನು ಸರ್ಕ್ಯೂಟ್ ಬೋರ್ಡಿಗೇ ನೀರು ಚಿಮುಕಿಸಿ ಹಚ್ಚುತ್ತಿದ್ದೆ. ಆ ಕುಂಕುಮದಡಿ ಕರೆಂಟು ಹರಿಯುವ ತಾಮ್ರದ ಗೆರೆಗಳೆಲ್ಲ ಹಸಿರುಗಟ್ಟಿ ಸವೆದುಹೋಗಿವೆ. ಒಂದೊಂದನ್ನೇ ಕೆರೆದು ತಂತಿ ಬೆಸೆದೆ. ಇಲ್ಲಿ ಕೂಡಿಸಿದರೆ ಅಲ್ಲಿ ಬಿಟ್ಟುಕೊಳ್ಳುತ್ತಿತ್ತು. ಅರ್ಧಕ್ಕೆ ಸಾಲಿ ಬಿಟ್ಟವನಿಗೆ ಅದರ ನಕ್ಷೆ ಎಲ್ಲಿ ತಿಳಿಯಬೇಕು? ಪೂರ್ತಿ ಸುಟ್ಟುಹೋದರೆ ಎಂದು ಸ್ವಿಚ್ ಒತ್ತುವ ಮೊದಲು ಪ್ರತಿ ಬೆಸುಗೆಯನ್ನೂ ಮತ್ತೆ ಮತ್ತೆ ನೋಡುತ್ತಿದ್ದೆ. ನಿನ್ನನ್ನು ಬೈಯುತ್ತಲೇ ಮುಗಿಸಿದೆ.

ಕಡೆಗೆ ದೀಪ ಹತ್ತಿ ಗುಂಡು ಚಿಮ್ಮಿತು. ಸದ್ದು ಕೇಳಿ ಅತ್ತಿಗೆ ಪೂಜೆಯ ತಟ್ಟೆ ಹಿಡಿದು ಬಂದರು.

"ಎಲ್ಲಿ ಹಚ್ಚಲೋ?"

"ಗಾಜಿಗಷ್ಟ ಹಚ್ರಿ ಅತ್ತಿಗಿ. ಒಳಗ ಬ್ಯಾಡ."

ಅವರು ಗಾಜಿಗೆ ಹಚ್ಚಿ, ತಟ್ಟೆ ಅಲ್ಲೇ ಇಟ್ಟು ಹೋದರು. ಮುಚ್ಚಳ ಬಿಗಿಯುವ ಮೊದಲು ಬೆರಳಲ್ಲಿ ಚೂರು ಒಣ ಕುಂಕುಮ ಹಿಡಿದು, ಬೋರ್ಡಿನ ಮೇಲೆ ಯಾವ ಗೆರೆಯೂ ಹಾಯದ ಜಾಗ ಹುಡುಕುತ್ತ ಬಹಳ ಹೊತ್ತು ನಿಂತಿದ್ದೆ.