ಅಂಗೈಯಲ್ಲಿ ಇಷ್ಟಲಿಂಗ, ಎದೆಗೆ ಎಕೋ

ಶ್ರೀನಗರ, ಬೆಂಗಳೂರು
೮ ಜನವರಿ ೨೦೨೫

ಪ್ರೀತಿಯ ವಾರಿಜಾ,

ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಮೈಸೂರಿನ ಚಳಿಯಲ್ಲಿ ನೀನೂ ಅನಂತರಾಮು ಅವರೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ನಿನ್ನ ದೀಪಾವಳಿಯ ಕಾಗದಕ್ಕೆ ಸಂಕ್ರಾಂತಿಯ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ, ಬೇಕಾದಷ್ಟು ಬೈದುಕೋ. ಈ ಚಳಿಗೆ ನನ್ನ ಬೆರಳುಗಳು ಮೊದಲು ಬೆಳ್ಳಗಾಗಿ ಆಮೇಲೆ ನೀಲಿಗೆ ತಿರುಗುತ್ತವೆ. ಬಿಸಿನೀರಿನಲ್ಲಿ ಅದ್ದಿಕೊಂಡು ಕೂತ ಮೇಲೆಯೇ ಪೆನ್ನು ಹಿಡಿಯಲು ಬರುವುದು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನನಗೆ ಮಾತಾಡಲು ಎಲ್ಲಿ ಬಿಡುತ್ತೀಯ? ಒಂದೇ ಸ್ಟಾಫ್ ರೂಮಿನಲ್ಲಿ ಅಷ್ಟು ವರ್ಷ ನಿನ್ನೆದುರು ಕೂತು ಪಾಠ ಕಲಿತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಭಾನುವಾರ ರಾಗಿಗುಡ್ಡದ ಮೆಟ್ಟಿಲುಗಳನ್ನು ಎಲ್ಲೂ ಕೂರದೆ ಹತ್ತಿದೆ. ನಮ್ಮವರು ಅರ್ಧಕ್ಕೇ ಕಂಬಿ ಹಿಡಿದು ನಿಂತು, ನೀನು ಹೋಗಿರು, ನಾನು ಬರುತ್ತೇನೆ ಎಂದರು. ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಜನ್ಮವೆಲ್ಲ ಕೂತ ಸೋಮಲಿಂಗಪ್ಪನವರಿಗೆ ಮೆಟ್ಟಿಲೆಂದರೆ ಪರದೇಶ. ಮೇಲೆ ಗಾಳಿಯಲ್ಲಿ ನಿಂತು ಅವರಿಗಾಗಿ ಕಾದೆನಲ್ಲ, ಆ ಸುಖವನ್ನು ಹೇಳಲಾರೆ. ಆಷಾಢದಲ್ಲಿ ಬೀದಿಯ ಕೊನೆಯಿಂದ ಸೊಪ್ಪು ತರುವಷ್ಟರಲ್ಲಿ ಎರಡು ಮನೆಯ ಜಗಲಿಯ ಮೇಲೆ ಕೂತು ಬರುತ್ತಿದ್ದವಳು ನಾನು!

ನನ್ನ ಚರ್ಮ ಬಿಗಿಯುವ ಕಾಯಿಲೆ, ಸ್ಕ್ಲೆರೋಡರ್ಮಾ, ನಿನಗೆ ಗೊತ್ತಿರುವುದೇ. ಅದು ಬೆರಳಿಗೆ ಮಾತ್ರ ಅಂಟಿಕೊಂಡಿರುವುದಿಲ್ಲವಂತೆ. ಒಳಗೊಳಗೇ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳನ್ನೂ ಬಿಗಿಯಬಹುದು, ಆಗ ಹೃದಯ ದುಡಿದು ದುಡಿದು ದಣಿಯುತ್ತದೆ. ಅದಕ್ಕೇ ಡಾಕ್ಟರ್ ಬದರಿನಾಥ ಅವರು ವರ್ಷಕ್ಕೊಮ್ಮೆ ಎಕೋ ಮಾಡಿಸಿ ಎಂದು ಬರೆದುಕೊಡುತ್ತಿದ್ದರು. ಬಸುರಿಯರ ಹೊಟ್ಟೆಗೆ ಸ್ಕ್ಯಾನ್ ಮಾಡುತ್ತಾರಲ್ಲ, ಅದನ್ನೇ ಎದೆಗೆ ಮಾಡುವುದು. ತೊಂದರೆ ಕಾಣಿಸುವವರೆಗೆ ಕಾಯಬೇಡಿ, ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ ಎಂದು ಅವರು ಹೇಳಿದ್ದೇ ಹೇಳಿದ್ದು. ನಾನು ಪ್ರತಿ ವರ್ಷ ಎಕೋ ಕೋಣೆಯ ಬಾಗಿಲವರೆಗೆ ಹೋಗಿ, ಅಲ್ಲಿಂದಲೇ ತಿರುಗಿ ಬರುತ್ತಿದ್ದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಧೈರ್ಯ.

ಕಾರಣ ಕೇಳಿದರೆ ನಗುತ್ತೀಯ. ಮೊದಲ ಸಲವೇ ಅಲ್ಲಿನವರು, ಕತ್ತಿನಲ್ಲಿರುವುದನ್ನೆಲ್ಲ ತೆಗೆದು ಟ್ರೇನಲ್ಲಿಡಿ ಎಂದರು. ಸರ ತೆಗೆದೆ. ತಾಳಿಯನ್ನೂ ಪರ್ಸಿಗೆ ಹಾಕಿದೆ, ನಮ್ಮವರು ನೋಡುತ್ತಿದ್ದರೂ. ಆದರೆ ಇಷ್ಟಲಿಂಗ? ದೀಕ್ಷೆಯಾದ ದಿನದಿಂದ ಅದು ನನ್ನ ಮೈ ಬಿಟ್ಟು ಹೋದದ್ದಿಲ್ಲ. ಮೇಘಶ್ರೀ ಹುಟ್ಟಿದಾಗಲೂ ಎದೆಯ ಮೇಲೇ ಇತ್ತು. ಅದನ್ನು ಹತ್ತಿ, ಜೆಲ್ಲು ಇಟ್ಟ ಟ್ರೇನಲ್ಲಿ ಇಡುವುದೇ? ತೋಳಿಗೆ ಕಟ್ಟಿಕೊಳ್ಳಬಹುದಲ್ಲ ಎಂದರು ನಮ್ಮವರು. ಎಷ್ಟೋ ಜನ ಕಟ್ಟಿಕೊಳ್ಳುತ್ತಾರೆ, ನಿಜ. ಅವ್ವ ಎದೆಗೆ ಕಟ್ಟಿದ್ದನ್ನು ಕಂಡಕಂಡಲ್ಲಿ ಕಟ್ಟಿಕೊಳ್ಳುವುದಿಲ್ಲ ಎಂದೆ. ಹಟಕ್ಕೆ ಇಷ್ಟು ಕಾರಣ ಸಾಲದೇ? ಮೇಘ ಕೂಗಾಡಿದಳು, ಅತ್ತಳು, ಒಂದು ವಾರ ಮಾತು ಬಿಟ್ಟಳು. ನಮ್ಮವರು ಅವಳೆದುರು ಅವಳದು ಸರಿ ಎಂದು, ನನ್ನೆದುರು ನನ್ನದು ಸರಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಆರಾಮವಾಗಿದ್ದರು.

ಶ್ರಾವಣದಲ್ಲಿ ಕಡೆಗೂ ಹೋದೆ. ಅಂದು ಎಕೋ ಮಾಡುತ್ತಿದ್ದವಳು ಒಬ್ಬ ಹುಡುಗಿ. ಎಡಮಗ್ಗುಲಿಗೆ ಹೊರಳಿ ಎಡಗೈಯನ್ನು ತಲೆಯ ಹತ್ತಿರ ಇಟ್ಟುಕೊಳ್ಳಿ ಎಂದಳು. ಎಡಗೈ ಎಂದಾಗ ನನಗೆ ತಟ್ಟನೆ ಹೊಳೆಯಿತು.

"ಆ ಕೈ ಖಾಲಿ ಇರಬೇಕೇನಮ್ಮಾ?" ಎಂದೆ.

"ಹಂಗೇನಿಲ್ಲ ಆಂಟಿ, ಅಲ್ಲಾಡಿಸ್ದೆ ಇದ್ರೆ ಸಾಕು."

ದಿನಾ ಬೆಳಗ್ಗೆ ಪೂಜೆಯಲ್ಲಿ ನಾವು ಲಿಂಗವನ್ನು ಇಡುವುದು ಎಡ ಅಂಗೈಯಲ್ಲೇ ಅಲ್ಲವೇ? ಅರ್ಧ ಗಂಟೆ ಅಲ್ಲಾಡಿಸದೆ ಕೂರುವ ಅಭ್ಯಾಸ ನನಗಿಂತ ಯಾರಿಗಿದೆ? ಕತ್ತಿನಿಂದ ಕರಡಿಗೆ ಬಿಚ್ಚಿ, ಅದರೊಳಗಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಈ ಕಾಯಿಲೆಗೆ ನನ್ನ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ, ಬಟ್ಟಲಿನ ಹಾಗೆ ಮುದುರಿಕೊಂಡಿವೆ. ಅಂದು ಮೊದಲ ಬಾರಿಗೆ ಆ ಬೆರಳುಗಳ ಮೇಲೆ ನನಗೆ ಪ್ರೀತಿ ಬಂತು. ಹುಡುಗಿ ತಣ್ಣನೆಯ ಯಂತ್ರವನ್ನು ಎದೆಯ ಮೇಲೆ ಒತ್ತಿ ಒತ್ತಿ ನೋಡಿದಳು. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಂಡೆ. ಪರದೆಯ ಮೇಲೆ ನನ್ನ ಹೃದಯ ಬಾಯಿ ತೆರೆದು ಮುಚ್ಚುತ್ತಿತ್ತು. ಇಷ್ಟು ದಿನ ಇಷ್ಟೊಂದು ದುಡಿದಿದ್ದೀಯಲ್ಲೇ ಎಂದು ಕಣ್ಣಲ್ಲಿ ನೀರು ಬಂತು.

ಶ್ವಾಸಕೋಶದ ಆ ರಕ್ತನಾಳಗಳಲ್ಲಿ ಒತ್ತಡ ಏರಿತ್ತು, ವಾರಿಜಾ. ಮತ್ತೆ ದೊಡ್ಡ ಆಸ್ಪತ್ರೆಗೆ ಹೋಗಿ, ತೊಡೆಯ ಹತ್ತಿರದಿಂದ ಹೃದಯದವರೆಗೆ ಸಣ್ಣ ನಳಿಕೆ ಹಾಕಿ ನೋಡಿ, ಹೌದೆಂದು ಖಾತ್ರಿ ಮಾಡಿದರು. ಆದರೆ ಇನ್ನೂ ಆರಂಭದಲ್ಲೇ ಸಿಕ್ಕಿದೆ, ಮಾತ್ರೆಗೆ ಬಗ್ಗುತ್ತದೆ ಎಂದರು ಬದರಿನಾಥ. ಬಗ್ಗಿತು. ಹೋದ ತಿಂಗಳು ಮತ್ತೆ ಎಕೋ ಮಾಡಿದಾಗ ಒತ್ತಡ ಇಳಿದಿತ್ತು. ಕಾಯಿಲೆ ಹೋಗಿಲ್ಲ, ಮಾತ್ರೆ ಬಿಡುವ ಹಾಗಿಲ್ಲ, ಅದು ನನಗೆ ಗೊತ್ತು. ಆದರೂ ಅಂದು ಆಸ್ಪತ್ರೆಯಿಂದ ಹೊರಗೆ ಬಂದವಳೇ ನಮ್ಮವರ ಕೈಯಲ್ಲಿ ಮಸಾಲೆ ದೋಸೆ ಕೊಡಿಸಿಕೊಂಡೆ, ಎರಡು.

ಗೆದ್ದವಳು ಸುಮ್ಮನಿರಬೇಕಲ್ಲ? ಇರಲಿಲ್ಲ. ಬದರಿನಾಥರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಅಕ್ಕಪಕ್ಕದವರನ್ನು ವಿಚಾರಿಸಿದೆ. ನನ್ನ ಹಾಗೆ ತಪ್ಪಿಸಿಕೊಂಡವರು ಎಷ್ಟೊಂದು ಜನ! ತಲಘಟ್ಟಪುರದಿಂದ ಬರುವ ಅಂಕಮ್ಮ ಎಂಬಾಕೆಗೂ ನನ್ನದೇ ಕಾಯಿಲೆ. ಎಕೋ ಕೋಣೆಯಲ್ಲಿ ಗಂಡಸು ಇದ್ದ ಎಂದು ಆಕೆ ಎರಡು ಸಲ ಓಡಿ ಬಂದಿದ್ದಳಂತೆ. ಎದೆ ನೋವೇ ಇಲ್ಲದೆ ಎದೆ ಯಾಕೆ ತೋರಿಸಬೇಕು ಎಂದು ಕೇಳಿದಳು. ಡಾಕ್ಟರು ಹೇಳಿದ್ದನ್ನೇ ನಾನು ನಮ್ಮ ಭಾಷೆಯಲ್ಲಿ ಹೇಳಿದೆ.

ಆಮೇಲೆ ನೇರವಾಗಿ ಬದರಿನಾಥರ ಕೋಣೆಗೆ ನುಗ್ಗಿದೆ. ವಾರಕ್ಕೊಂದು ಮಧ್ಯಾಹ್ನ ಹೆಂಗಸರಿಗೇ ಇಡಿ, ಎಕೋ ಮಾಡುವವರೂ ಹೆಂಗಸರೇ ಇರಲಿ, ಮುಂದೆ ಗುಂಡಿ ಇರುವ ಹತ್ತಿ ನಿಲುವಂಗಿ ಕೊಡಿ, ಕತ್ತಿನಲ್ಲಿರುವುದನ್ನು ಕೈಯಲ್ಲಿ ಹಿಡಿದುಕೊಳ್ಳಲು ಬಿಡಿ ಎಂದೆ. ಅವರು ಯಂತ್ರಕ್ಕೆ ಪುರುಸೊತ್ತಿಲ್ಲ, ಸಿಬ್ಬಂದಿ ಇಲ್ಲ ಎಂದರು. ನಾನು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ, ಎದುರಿನ ಕುರ್ಚಿ ಬಿಟ್ಟು ಏಳಲೂ ಇಲ್ಲ. ಏಳನೇ ಕ್ಲಾಸಿನ ಹುಡುಗರನ್ನು ಬಗ್ಗಿಸಿದವಳಿಗೆ ಡಾಕ್ಟರು ಯಾವ ಲೆಕ್ಕ? ಈಗ ಪ್ರತಿ ಮಂಗಳವಾರ ಮಧ್ಯಾಹ್ನ ಹೆಂಗಸರ ಎಕೋ ನಡೆಯುತ್ತದೆ. ಅಂಕಮ್ಮನದು ಏನೂ ತೊಂದರೆ ಇಲ್ಲವೆಂದು ಬಂತು. ಆಕೆ ನನ್ನ ಎರಡೂ ಕೈ ಹಿಡಿದು, "ಅಕ್ಕಾ, ನಮ್ಮಕ್ಕನ್ನೂ ಮುಂದಿನ ವಾರ ಎಳ್ಕೊಂಡ್ ಬರ್ತೀನಿ" ಎಂದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಮ್ಮವರು ಅಣಕಿಸುತ್ತಾರೆ. ಅಣಕಿಸುತ್ತಲೇ ಅವರೇ ಕೂತು ಅವರೆಕಾಳು ಹಿಚುಕುತ್ತಾರೆ, ನನ್ನ ಬೆರಳಿಗೆ ಆ ಕೆಲಸ ಈಗ ಆಗುವುದಿಲ್ಲ.

ಕೊಬ್ಬರಿ, ಬೆಲ್ಲ ಹೆಚ್ಚಿಟ್ಟವಳು ಮೇಘ. ಎಳ್ಳು ಹುರಿದದ್ದು ಮಾತ್ರ ನಾನು. ಒಂದು ಡಬ್ಬಿ ಕೊರಿಯರ್‌ನಲ್ಲಿ ಕಳಿಸಿದ್ದೇನೆ. ಎಳ್ಳು ತಿಂದು ಒಳ್ಳೆಯ ಮಾತಾಡು, ನನ್ನನ್ನು ಬೈಯುವುದನ್ನು ಹಬ್ಬದ ಮಾರನೆಯ ದಿನಕ್ಕಿಟ್ಟುಕೋ. ಅನಂತರಾಮು ಅವರಿಗೆ ನಮಸ್ಕಾರ. ನಿಮ್ಮ ಹುಡುಗ ಚಿರಂತನನ ಪರೀಕ್ಷೆ ಚೆನ್ನಾಗಿ ಆಗಲಿ, ನನ್ನ ಶಿವ ಅವನನ್ನು ನೂರು ಕಾಲ ಕಾಯಲಿ.

ನಿನ್ನ,
ಮೀನಾಕ್ಷಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮೇಘ ಅತ್ತದ್ದಕ್ಕೆ ನಾನು ಎಕೋಗೆ ಹೋದೆ ಎಂದು ಮನೆಯವರೆಲ್ಲ ತಿಳಿದಿದ್ದಾರೆ. ನಿನಗೆ ನಿಜ ಹೇಳುತ್ತೇನೆ. ಆಷಾಢದಲ್ಲಿ ಒಂದು ಸಂಜೆ ನಮ್ಮ ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಉಸಿರು ಸಿಗದೆ ಕೂತುಬಿಟ್ಟೆ. ಕೂತ ಮೇಲೆ ನೆನಪಾಯಿತು, ಅದು ನಿನ್ನ ಮಗಳು, ನಮ್ಮ ಧೃತಿ, ಕೊನೆಯ ಸಲ ನಮ್ಮ ಮನೆಗೆ ಬಂದಾಗ ಕೂತಿದ್ದ ಜಾಗ. "ಆಂಟಿ, ನಿಮ್ಮನೆ ಮೆಟ್ಲು ಜಾಸ್ತಿ ಆಗಿದ್ಯಾ?" ಎಂದು ನಕ್ಕಿದ್ದಳು. ಅವಳಿಗೆ ಲೂಪಸ್ ಇದೆ, ಅದೂ ನನ್ನದರ ಹಾಗೆ ಹೃದಯಕ್ಕೆ ಇಳಿಯಬಲ್ಲ ಕಾಯಿಲೆ ಎಂದು ಎಲ್ಲ ಡಾಕ್ಟರರಿಗೂ ಗೊತ್ತಿತ್ತು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಅವಳ ಹೃದಯವನ್ನು ಮೊದಲ ಸಲ ನೋಡಿದ್ದು ಐಸಿಯುಗೆ ಸೇರಿಸಿದ ಮೇಲೆ. ನೀವು ಬೆಂಗಳೂರು ಬಿಟ್ಟು ಹೋದದ್ದೂ ಅವಳನ್ನು ಕಳೆದುಕೊಂಡ ಮೇಲೆಯೇ.

ಮೊದಲ ಮಂಗಳವಾರ ಬೆಂಚಿನ ಮೇಲೆ ಅವಳ ವಯಸ್ಸಿನ ಹುಡುಗಿಯೊಬ್ಬಳು ಫೋನ್ ನೋಡುತ್ತ ಕೂತಿದ್ದಳು. ಹೆಸರು ಕೂಗಿದಾಗ ಎದ್ದು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಅಷ್ಟೇ ಕೆಲಸ, ವಾರಿಜಾ. ಅಷ್ಟೇ ಹೊತ್ತು ಸಾಕಾಗಿತ್ತು. ಅರವತ್ತಮೂರರ ನನಗೆ, ಹಟ ಮಾಡಿ ಓಡಿಹೋದರೂ, ವರ್ಷ ವರ್ಷ ಬರೆದುಕೊಟ್ಟರು. ಇಪ್ಪತ್ತಾರರ ನಮ್ಮ ಧೃತಿಗೆ ಒಮ್ಮೆಯೂ ಯಾರೂ ಬರೆದುಕೊಡಲಿಲ್ಲ.