ಖಾಲಿ ಚೌಕ

ಅಕ್ಕಾ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಲಕ್ವ ಹೊಡೆದ ಮೇಲೆ ಅಪ್ಪನ ಮಾತು ನಿಂತುಹೋಗಿದೆ. ತೋರುಬೆರಳೊಂದು ಆಡುತ್ತದೆ, ಅಷ್ಟೇ. ಊರವರಿಗೆಲ್ಲ ಆ್ಯಪ್ ವಿನ್ಯಾಸ ಮಾಡಿಕೊಡುವವಳು ನಾನು, ಅಪ್ಪನಿಗೊಂದು ಮಾಡದಿದ್ದರೆ ಹೇಗೆ?

ನಮ್ಮ ಕಸುಬಿನಲ್ಲಿ ಮೊದಲು ಪರದೆಯನ್ನು ಹಾಳೆಯ ಮೇಲೆ ಬರೆದು ಬಳಸುವವರ ಮುಂದಿಡುತ್ತೇವೆ. ಅವರ ಬೆರಳು ಎಲ್ಲಿಗೆ ಹೋಗುತ್ತದೋ ನೋಡಬೇಕು, ನಾವು ಬಾಯಿ ಬಿಡಬಾರದು. ನೀರು, ನೋವು, ದೀಪ ಎಂದು ದಪ್ಪ ದಪ್ಪ ಗುಂಡಿ ಬರೆದೆ. ಕೆಳಗಿನ ಸಾಲಿನಲ್ಲಿ ಅಮ್ಮನ ಫೋಟೊ, ನನ್ನ ಫೋಟೊ. ಒತ್ತಿದರೆ ನಮ್ಮ ದನಿ ಕೇಳಿಸುವ ಹಾಗೆ. ನಿನ್ನದು ಹಾಕಲಿಲ್ಲ. "ಅವಳ ಹೆಸರು ಈ ಮನೇಲಿ ಎತ್ತಬೇಡಿ" ಅಂದವರು ಅಪ್ಪನೇ ತಾನೆ? ಮೂರನೆಯ ಚೌಕ ಖಾಲಿ ಉಳಿಯಿತು.

ಅಪ್ಪ ಆ ಖಾಲಿ ಚೌಕವನ್ನೇ ಒತ್ತಿದರು. ಕೈ ಜಾರಿರಬೇಕು ಅಂದುಕೊಂಡು ಹಾಳೆಯನ್ನು ತಲೆಕೆಳಗು ಮಾಡಿ ಇಟ್ಟೆ. ಬೆರಳು ಅದನ್ನೇ ಹುಡುಕಿಕೊಂಡು ಹೋಯಿತು. "ಸುಮ್ನೆ ಏನೇನೋ ಕಲ್ಪಿಸ್ಕೋಬೇಡ ಕಣೇ" ಅಂದ ಅಮ್ಮ, ತಾನೇ ಎದ್ದು ಹೋಗಿ ಬೀರುವಿನಿಂದ ನಿನ್ನ ಫೋಟೊ ತಂದಳು.

ಈಗ ಆ್ಯಪ್ ಸಿದ್ಧವಾಗಿದೆ. ನಿನ್ನ ಫೋಟೊ ಒತ್ತಿದರೆ ಮಾತ್ರ ದನಿಯಿಲ್ಲ. ಒಂದು ಮಾತು ರೆಕಾರ್ಡ್ ಮಾಡಿ ಕಳಿಸು. ಬೈದರೂ ಪರವಾಗಿಲ್ಲ. ಆದರೆ ಬರುವ ಮನಸ್ಸಿಲ್ಲದಿದ್ದರೆ "ಬರ್ತೀನಿ" ಅಂತ ಮಾತ್ರ ಹೇಳಬೇಡ. ಅವರು ದಿನವಿಡೀ ಅದನ್ನೇ ಒತ್ತುತ್ತಾರೆ, ಒತ್ತಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಾರೆ.

ನಿನ್ನ ತಂಗಿ