ನಡುವಿನ ಸಾಲಿನ ಎಡಗಡೆಯ ಸೀಟು

ಜೇವರ್ಗಿ
೧೪ ಡಿಸೆಂಬರ್ ೨೦೨೪, ಶನಿವಾರ

ಮಸೂದ ಅವರಿಗೆ ಫರಹೀನಳ ಸಲಾಂ.

ನಿಮ್ಮ ಹೆಸರು ಹಿಡಿದು ಕರೆಯುತ್ತಿರುವುದು ಇದೇ ಮೊದಲು. ಇಷ್ಟು ವರ್ಷ "ಅಜೀ" ಎಂದೇ ಕರೆದೆ. ಈಗ ಹಾಗೆ ಕರೆಯುವ ಹಾಗಿಲ್ಲ, ಬೇರೆ ಶಬ್ದವೂ ಹೊಳೆಯಲಿಲ್ಲ. ಮನೆಯಲ್ಲಿ ನಾವು ಆಡಿದ್ದು ದಖನಿ, ಬರೆದದ್ದು ಮಾತ್ರ ಯಾವಾಗಲೂ ಶಾಲೆಯಲ್ಲಿ ಕಲಿತ ಕನ್ನಡ. ಇದೂ ಕನ್ನಡದಲ್ಲೇ ಇರಲಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀವು "ಆಯ್ತು ಆಯ್ತು" ಎಂದು ಇಟ್ಟುಬಿಡುತ್ತೀರಿ.

ಸೋಮವಾರ ನೀವು ಆಳಂದದಿಂದ ಬಸ್ಸಿಗೆ ಬಂದು ಗಾಡಿಯನ್ನು ಒಯ್ಯಬೇಕು, ಅದರಲ್ಲೇ ನಿಮ್ಮ ಅಮ್ಮಿಯನ್ನೂ ಕರೆದೊಯ್ಯಬೇಕೆಂದು ಜಮಾತಿನ ಹಿರಿಯರ ಮುಂದೆ ತೀರ್ಮಾನವಾಗಿದೆ. ಗಾಡಿ ನಿಮ್ಮ ಹೆಸರಿನಲ್ಲಿದೆ, ಅದಕ್ಕೆ ನನ್ನ ತಕರಾರಿಲ್ಲ. ಬಿಡುಗಡೆ ಬೇಡಿ ಖುಲಾ ಕೇಳಿದವಳೂ ನಾನೇ. ಕೇಳುವಾಗ ನನಗೂ ನಿಮಗೂ ಇರುವ ಸಂಬಂಧ ಮುಗಿಯುತ್ತದೆ ಎಂದಷ್ಟೇ ತಿಳಿದಿದ್ದೆ. ನಿಮ್ಮನ್ನು ಹೆತ್ತವರು ಅವತ್ತಿನಿಂದ ನನಗೆ ಏನೂ ಆಗುವುದಿಲ್ಲ ಎಂಬುದು ತಲೆಗೆ ಬಂದಿರಲಿಲ್ಲ. "ತಾಯಿ ಮಗನ ಮನ್ಯಾಗ ಇರಬೇಕು" ಎಂದರು ಹಿರಿಯರು. "ಅಮ್ಮಿನ್ನ ಒಂದ್ ಮಾತು ಕೇಳೀರೇನ್ರಿ?" ಎಂದು ನಾನು ಕೇಳಿದೆ. "ಇದ್ರಾಗ ಕೇಳೂದೇನೈತಿ ಬೇಟಿ" ಎಂದರು. ನೀವು ನೆಲ ನೋಡುತ್ತಿದ್ದಿರಿ. ನಾನು ನಿಮ್ಮನ್ನೇ ನೋಡುತ್ತಿದ್ದೆ.

ಈ ಗಾಡಿ ಕೊಳ್ಳುವಾಗ ಅದರ ಬಣ್ಣದ ಪುಸ್ತಿಕೆಯನ್ನು ಚಹಾದ ಹೊತ್ತಿಗೆ ಅಬ್ಬಾನಿಗೆ ಓದಿ ಹೇಳುತ್ತಿದ್ದಿರಿ. ಮೂರು ಸಾಲು, ಏಳು ಸೀಟು, ಡೀಸೆಲ್ ಎಂಜಿನ್, ಆರು ಗೇರು, ನೆಲದಿಂದ ಇಷ್ಟು ಎತ್ತರ, ಮೂರನೇ ಸಾಲಿಗೂ ಎಸಿ. ಅಬ್ಬಾ ಎಲ್ಲವನ್ನೂ ಕೇಳಿ, "ಆ ಮೂರನೇ ಸಾಲಿಗೆ ಯಾರ್ ಕೂಡ್ತಾರೋ ಮಸೂದ?" ಎಂದಿದ್ದರು. "ಬರೋರು ಬರ್ತಾರ ತಗೊಳ್ರಿ ಅಬ್ಬಾ" ಎಂದು ನೀವು ನಕ್ಕಿರಿ. ನಾನು ಕಪ್ಪು-ಬಸಿ ತರುವ ನೆಪ ಮಾಡಿ ಒಳಗೆ ಹೋದೆ.

ಏಳೂ ಸೀಟು ತುಂಬಿದ್ದು ಒಂದೇ ಸಲ, ಸೊನ್ನದ ಬ್ಯಾರೇಜ್ ನೋಡಲು ಹೋದ ದಿನ. ನೀವು, ನಾನು, ಅಬ್ಬಾ, ಅಮ್ಮಿ, ಅಫಜಲಪುರದಲ್ಲಿ ಹತ್ತಿಕೊಂಡ ನಿಮ್ಮ ತಂಗಿ ಮತ್ತು ಅವಳ ಇಬ್ಬರು ಹುಡುಗಿಯರು. ಮೂರನೇ ಸಾಲಿನಲ್ಲಿ ಆ ಹುಡುಗಿಯರ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು, ಆದರೂ ಇಳಿಯಲು ಒಲ್ಲೆವೆಂದರು. ಮರುವರ್ಷ ಅಬ್ಬಾ ತೀರಿಕೊಂಡರು. ಆಮೇಲೆ ಮಗುವಿಗಾಗಿ ನಾವು ಅಲೆದ ಆಸ್ಪತ್ರೆಗಳು, ಆಮೇಲೆ ಆಳಂದ, ಆಮೇಲೆ ಜಸ್ಮೀನಳ ಜೊತೆ ನಿಮ್ಮ ನಿಕಾಹ್. ಅದನ್ನು ಬರೆಯಲು ಕೂತಿಲ್ಲ ನಾನು. ಅಮ್ಮಿ ಆಳಂದಕ್ಕೆ ಬರಲೊಲ್ಲೆ ಎಂದರು. ದವಾಖಾನೆಗೆ ಬೇಕಾಗುತ್ತದೆ ಎಂದು ನೀವು ಗಾಡಿಯನ್ನು ಅಂಗಳದಲ್ಲಿ ಬಿಟ್ಟು ಹೋದಿರಿ. ಓಡಿಸುವವರು ಯಾರು ಎಂದು ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಮ್ಮಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ದಿನ ಬಾಡಿಗೆ ಗಾಡಿ ಬರುವತನಕ ಒದ್ದೆ ನೆಲದ ಮೇಲೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಮ್ಮದೇ ಗಾಡಿ ಬಾಗಿಲ ಮುಂದೆ ಧೂಳು ಹಿಡಿದು ನಿಂತಿತ್ತು. ಅವರಿಗೆ ರಾಡು ಹಾಕಿ ಮನೆಗೆ ಕಳಿಸಿದ ಮೇಲೆ ನಾನು ಕೊಳಕೂರಿನ ಅಮೋಘಸಿದ್ದ ಕಾಕಾನಿಗೆ ಹೇಳಿಕಳಿಸಿದೆ. ಅಬ್ಬಾನ ದೋಸ್ತ್, ನಿಮಗೂ ಗೊತ್ತು. ಸಂಜೆ ಸಂಜೆ ಬಂದು ಎಪಿಎಂಸಿ ಬಯಲಿನಲ್ಲಿ ಓಡಿಸಲು ಕಲಿಸಿದರು. "ಅಂಜಬ್ಯಾಡವ್ವ. ಅದು ನಿನಗಿಂತ ದೊಡ್ಡದೈತಿ, ಖರೇ. ಆದ್ರ ಅದಕ್ಕ ಕಣ್ಣಿಲ್ಲ, ನಿನಗ ಅದಾವ" ಎನ್ನುತ್ತಿದ್ದರು. ಶಾಲೆಯ ಮಕ್ಕಳ ಮುಂದೆ ಗಟ್ಟಿಯಾಗಿ ಪಾಠ ಮಾಡುವವಳು ಅಲ್ಲಿ ಕ್ಲಚ್ ಬಿಡಲಾಗದೆ ಅಳುತ್ತಿದ್ದೆ. ಕಾಕಾ ಮುಖ ತಿರುಗಿಸಿ ಬೀಡಿ ಹಚ್ಚುತ್ತಿದ್ದರು.

ಈಗ ಗಾಡಿಯ ವಿಷಯ. ನೀವು ಪುಸ್ತಿಕೆ ಓದಿ ತಿಳಿದ ಗಾಡಿ ಬೇರೆ, ಅಮ್ಮಿ ಕೂತಾಗ ಇರುವ ಗಾಡಿ ಬೇರೆ.

ಕೆಳಗಿನ ಓಟದಲ್ಲಿ ಈ ಎಂಜಿನ್ ಮಂಕು. ಹಂಪ್ ದಾಟುವಾಗ ಎರಡನೇ ಗೇರಿನಲ್ಲೇ ಎಳೆಯಲು ಹೋದರೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಟರ್ಬೊ ಎದ್ದು ಒಮ್ಮೆಲೇ ಜಗ್ಗುತ್ತದೆ. ನಿಮಗೆ ಆ ಜಗ್ಗು ಇಷ್ಟ, ನನಗೆ ಗೊತ್ತು. ಅಮ್ಮಿಯ ಸೊಂಟಕ್ಕೆ ಅದು ಆಗುವುದಿಲ್ಲ. ಮೊದಲನೇ ಗೇರಿಗೆ ಇಳಿಸಿ ಹಂಪ್ ದಾಟಿ. ಹೆದ್ದಾರಿಯಲ್ಲಿ ಆರನೇ ಗೇರು ಬಿದ್ದ ಮೇಲೆ ಗಾಡಿ ತಣ್ಣಗಾಗುತ್ತದೆ, ಅಮ್ಮಿ ನಿದ್ದೆ ಹೋಗುತ್ತಾರೆ. ಆಗ ಅವರನ್ನು ಎಬ್ಬಿಸಬಾರದೆಂದು ಲಾರಿಗಳ ಹಿಂದೆಯೇ ಸಾವಕಾಶ ಹೋಗುತ್ತಿದ್ದೆ. ಗಾಡಿ ಎತ್ತರವಾಗಿರುವುದರಿಂದ ತಿರುವಿನಲ್ಲಿ ಮೈ ವಾಲಿಸುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಭೀಮೆಯ ಸೇತುವೆ ಮೇಲೆ ಅಡ್ಡಗಾಳಿ ಬಂದರೆ ಸ್ಟೇರಿಂಗ್ ಹಗುರಾದ ಹಾಗೆ ಅನಿಸುತ್ತದೆ, ಎರಡೂ ಕೈ ಬೇಕು.

ಖಾಲಿ ಇದ್ದಾಗ ಹಿಂಭಾಗ ಪುಟಿಯುತ್ತದೆ. ಏಳು ಜನರ ಭಾರಕ್ಕೆಂದು ಮಾಡಿದ ಸ್ಪ್ರಿಂಗುಗಳು, ಇಬ್ಬರು ಹೆಂಗಸರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂರನೇ ಸಾಲನ್ನು ಮಡಚಿ ಅದರ ಮೇಲೆ ಎರಡು ಚೀಲ ಜೋಳ ಇಟ್ಟಿದ್ದೇನೆ. ಮನೆಗೆ ಆಗುತ್ತದೆಂದು ಇಳಿಸಿಬಿಡಬೇಡಿ, ಅದು ರೊಟ್ಟಿಗೆ ಇಟ್ಟದ್ದಲ್ಲ.

ಅಮ್ಮಿ ಕೂರುವುದು ನಡುವಿನ ಸಾಲಿನ ಎಡಗಡೆಯ ಸೀಟಿನಲ್ಲಿ. ಅದನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ಸ್ವಲ್ಪ ಮಲಗಿಸಿ. ಗಾಡಿಯ ಹೊಸ್ತಿಲು ಅವರಿಗೆ ಎತ್ತರವಾಗುತ್ತದೆ. ಒಂದು ಮಣೆ ಬಾಗಿಲ ಬಳಿಯೇ ಇದೆ. ಮೊದಲು ಕೂರಿಸಬೇಕು, ಆಮೇಲೆ ಎರಡೂ ಕಾಲನ್ನು ಜೋಡಿಸಿ ಎತ್ತಿ ಒಳಗಿಡಬೇಕು. ಮೇಲಿನ ಎಸಿ ಗಾಳಿ ಅವರ ನೆತ್ತಿಗೆ ಬೀಳದಂತೆ ತಿರುಗಿಸಿ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣಿಗೆ ಈಗ ಬೆಳಕು ನೆರಳಷ್ಟೇ ಕಾಣುತ್ತದೆ. ಆದರೂ ಕಿಟಕಿ ಕಡೆಯೇ ಮುಖ ಮಾಡಿ ಕೂರುತ್ತಾರೆ.

ಕೊಳಕೂರಿನ ಸಂಗತಿ ನಿಮಗೆ ಪೂರ್ತಿ ಗೊತ್ತಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಸೆಪ್ಟೆಂಬರಿನಲ್ಲಿ ಅಮ್ಮಿಯ ಅಣ್ಣ ಅಬ್ದುಲ್ ಗನಿ ಮಾಮು ಹಾಸಿಗೆ ಹಿಡಿದಿದ್ದಾರೆ ಎಂದು ಅವರ ಮಗ ದಾನಿಶ ಫೋನ್ ಮಾಡಿದ. "ಫುಫೀನ್ನ ಕರ್ಕೊಂಡು ಬರ್ರಿ ಭಾಭಿ, ಅಬ್ಬಾ ಅವರ್ದೇ ಹೆಸರು ತಗಿಯಾಕತ್ಯಾರ" ಎಂದ. ಮಳೆ ಬಿಟ್ಟಿರಲಿಲ್ಲ. ನಿಮಗೆ ಫೋನ್ ಹಚ್ಚಿದೆ, ನೀವು ಎತ್ತಲಿಲ್ಲ. ನಾನೇ ಹೊರಟೆ. ಡಾಂಬರು ರಸ್ತೆ ಇರುವತನಕ ಎಲ್ಲ ಸರಿಯಿತ್ತು. ಮಾಮುವಿನ ಮನೆ ಹೊಲದಲ್ಲಿ ಅಲ್ಲವೇ, ಊರಿಗೆ ಮುಂಚೆ ಕಚ್ಚಾ ದಾರಿಗೆ ಇಳಿಯಬೇಕು. ಗಾಡಿ ಎತ್ತರವಿದೆ, ಎಲ್ಲಿ ಬೇಕಾದರೂ ಹೋಗುತ್ತದೆ ಎಂದು ನೀವು ಹೇಳಿದ್ದನ್ನೇ ನಂಬಿದೆ. ಆದರೆ ಇದನ್ನು ಎಳೆಯುವುದು ಮುಂದಿನ ಎರಡು ಗಾಲಿ ಮಾತ್ರ. ಎರೆಮಣ್ಣು ಆ ಗಾಲಿಗಳಿಗೆ ರೊಟ್ಟಿಹಿಟ್ಟಿನ ಹಾಗೆ ಮೆತ್ತಿಕೊಂಡಿತು, ಗಾಲಿಗಳು ತಿರುಗಿ ತಿರುಗಿ ಅಲ್ಲೇ ಕುಸಿದವು. ಮನೆ ಕಣ್ಣಿಗೆ ಕಾಣುತ್ತಿತ್ತು. ಅಮ್ಮಿಯನ್ನು ಎತ್ತಿಕೊಂಡು ಆ ಕೆಸರಿನಲ್ಲಿ ನಡೆಯುವುದು ನನ್ನಿಂದ ಆಗುವ ಮಾತಲ್ಲ. ದಾನಿಶನಿಗೆ ಫೋನ್ ಮಾಡಿದೆ, ಅವನೂ ಎತ್ತಲಿಲ್ಲ.

ಯಾಕೆ ಎತ್ತಲಿಲ್ಲ ಎಂದು ಸ್ವಲ್ಪ ಹೊತ್ತಿಗೆ ತಿಳಿಯಿತು. ಆ ಮನೆಯಿಂದ ಅಳು ಕೇಳಿಸಿತು. "ಯಾರ್ ಅಳಾಕತ್ಯಾರ ಫರಹೀನ?" ಎಂದರು ಅಮ್ಮಿ. "ಮಳಿ ಸಪ್ಪಳ ಅಮ್ಮಿ" ಎಂದೆ. ಅವರು ಕಿಟಕಿಯ ಗಾಜಿಗೆ ಕಿವಿ ಹಚ್ಚಿದರು. ಆಮೇಲೆ, "ಮಳಿ ನಿಂತೈತಲ್ಲ ಬೇ" ಎಂದರು.

ನಾವು ಹಾಗೆಯೇ ಕೂತೆವು. ಇಬ್ಬರು ಹುಡುಗರು ಬಂದು ತಳ್ಳಿ ನೋಡಿದರು, ಗಾಡಿ ಇನ್ನಷ್ಟು ಇಳಿಯಿತು. ಟ್ರ್ಯಾಕ್ಟರ್ ತರುತ್ತೇನೆಂದು ಅಮೋಘಸಿದ್ದ ಕಾಕಾ ಫೋನಿನಲ್ಲಿ ಹೇಳಿದ್ದರು, ಹಳ್ಳ ತುಂಬಿ ಅವರೂ ಆಚೆ ನಿಂತಿದ್ದರು. ಮಧ್ಯಾಹ್ನದ ಮೇಲೆ ಮಾಮುವನ್ನು ಹೊತ್ತು ಮಣ್ಣಿಗೆ ಹೊರಟ ಮಂದಿ ಅದೇ ದಾರಿಯಲ್ಲಿ ಬಂದರು. ಬೇರೆ ದಾರಿ ಇರಲಿಲ್ಲ. ದಾನಿಶ ಮುಂದಿದ್ದ. ಗಾಡಿ ನೋಡಿ ನಿಂತ. ಯಾರೋ ಹಿಂದಿನಿಂದ "ಹೊತ್ತಾಗ್ತೈತಿ, ನಡೀರಿ" ಎಂದರು. ದಾನಿಶ, "ಅಬ್ಬಾನ ತಂಗಿ ಇದ್ದಾರ ಒಳಗ. ಜನಾಜಾ ಇಳಸ್ರಿ" ಎಂದ. ಕೆಸರಿನಲ್ಲಿ ಇಳಿಸಲು ಆಗುತ್ತಿರಲಿಲ್ಲ. ಹೆಗಲಿನ ಮೇಲಿದ್ದ ಜನಾಜಾವನ್ನು ಹಾಗೆಯೇ ಕಿಟಕಿಯ ಮಟ್ಟಕ್ಕೆ ತಗ್ಗಿಸಿ ಹಿಡಿದು, ಮುಖದ ಬಟ್ಟೆ ಸರಿಸಿದರು. ನಾನು ಗಾಜು ಇಳಿಸಿದೆ. ಅಮ್ಮಿ ಕೈ ಹೊರಗೆ ಚಾಚಿದರು. ಹಣೆ, ಹುಬ್ಬು, ಗಡ್ಡ, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಅಳಲಿಲ್ಲ. "ಭಾಯಿ, ನಾ ಬಂದೀನಿ. ಗಾಡಿ ಸಿಕ್ಕೊಂಡೈತಿ" ಎಂದರು.

ಮಣ್ಣು ಕೊಟ್ಟು ತಿರುಗಿ ಬಂದವರೇ ಎಲ್ಲ ಸೇರಿ ನಮ್ಮ ಗಾಡಿಯನ್ನು ಹಿಂದಕ್ಕೆ ತಳ್ಳಿ ಡಾಂಬರಿಗೆ ಮುಟ್ಟಿಸಿದರು. ಅವರ ಕೈಯಲ್ಲಿದ್ದ ಮಣ್ಣು ಬಾನೆಟ್ಟಿನ ಮೇಲೆಲ್ಲ ಹತ್ತಿತ್ತು. ಸಂಜೆ ನೀವು ಫೋನ್ ಮಾಡಿ "ಮಾಮು ಸಿಕ್ಕರೇನು?" ಎಂದು ಕೇಳಿದಾಗ "ಸಿಕ್ಕರು" ಎಂದಷ್ಟೇ ಹೇಳಿದೆ. ಅದು ಸುಳ್ಳೂ ಅಲ್ಲ.

ಅವತ್ತಿನಿಂದ ಅಮ್ಮಿಯ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಒಮ್ಮೊಮ್ಮೆ ಸರಿ ಇರುತ್ತಾರೆ. ಒಮ್ಮೊಮ್ಮೆ ಅಡುಗೆಮನೆಯಲ್ಲಿ ಕೂತಿದ್ದವರು "ಗಾಡಿ ಯಾಕ ನಿಂತೈತಿ?" ಎನ್ನುತ್ತಾರೆ. ಕಲಬುರಗಿಯ ಡಾಕ್ಟರು, "ಇದು ಇಳಿಯೂದಲ್ರಿ, ಏರೂದೇ. ಇರೂ ಜಾಗಾ ಬದಲ್ ಮಾಡಬ್ಯಾಡ್ರಿ" ಎಂದಿದ್ದಾರೆ. ಇದನ್ನು ಹಿರಿಯರ ಮುಂದೆ ಹೇಳಿದೆ. ನೀವೂ ಕೇಳಿಸಿಕೊಂಡಿರಿ.

ಮೊನ್ನೆ ಜಸ್ಮೀನ ಫೋನ್ ಮಾಡಿದ್ದಳು. ನಿಮಗೆ ಹೇಳಿಲ್ಲವೇನೋ. "ಆಪಾ, ಅವರು ಏನ್ ಉಣ್ತಾರ, ಯಾವ ಗುಳಗಿ ಯಾವಾಗ, ಎಲ್ಲಾ ಹೇಳ್ರಿ. ನನಗ ಅಂಜಿಕಿ ಬರಾಕತ್ತೈತಿ" ಎಂದಳು. ನಿಮ್ಮ ಮನೆ ಮೇಲಿನ ಅಂತಸ್ತಿನಲ್ಲಿದೆ, ಮೆಟ್ಟಿಲು ಇಕ್ಕಟ್ಟು, ತನಗೂ ದಿನಗಳು ತುಂಬುತ್ತಿವೆ ಎಂದೂ ಹೇಳಿದಳು. ಅವಳ ಮೇಲೆ ಸಿಟ್ಟು ಮಾಡಲು ಹುಡುಕಿದೆ, ಸಿಗಲಿಲ್ಲ. ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಒಂದು ಮಾತು ತಿಳಿಯಿತು: ಆ ಮೆಟ್ಟಿಲು ಒಮ್ಮೆ ಹತ್ತಿಸಿದರೆ ಅಮ್ಮಿ ಮತ್ತೆ ಇಳಿಯುವುದಿಲ್ಲ. ನಾನು ಇಷ್ಟೆಲ್ಲ ಬರೆದ ಹಂಪು, ಗೇರು, ಸೀಟು, ಎಲ್ಲ ನಿಮಗೆ ಒಂದೇ ಪ್ರಯಾಣಕ್ಕೆ ಬೇಕಾಗುವುದು. ಆದರೂ ಬರೆದಿದ್ದೇನೆ. ಆ ಒಂದು ಪ್ರಯಾಣದಲ್ಲಾದರೂ ಅವರಿಗೆ ನೋವಾಗದಿರಲಿ.

ಸೋಮವಾರ ನಾನು ಶಾಲೆಗೆ ಹೋಗಿರುತ್ತೇನೆ. ಕೀಲಿ ಪಕ್ಕದ ಮನೆಯ ಪ್ಯಾರಿಬಿಯವರ ಕೈಯಲ್ಲಿರುತ್ತದೆ. ಅವರೂ ಅಮೋಘಸಿದ್ದ ಕಾಕಾನೂ ಸೇರಿ ಅಮ್ಮಿಯನ್ನು ಗಾಡಿಯಲ್ಲಿ ಕೂರಿಸುತ್ತಾರೆ. ನೀವು ಮನೆಯೊಳಗೆ ಬರಬೇಕಾಗಿಲ್ಲ.

ಮುಂದೆ ಅಮ್ಮಿಯನ್ನು ನೋಡಲು ಬರಬಹುದೇ ಎಂದು ಕೇಳೋಣವೆಂದಿದ್ದೆ. ಬಂದರೆ ಯಾರೆಂದು ಹೇಳಿ ಒಳಗೆ ಬರಲಿ? ಕೇಳುವುದಿಲ್ಲ.

ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿಯಿರಿ.

ಫರಹೀನ

ಮತ್ತೊಂದು ಮಾತು. ಮರೆತಿದ್ದೆ ಎನ್ನಲಾರೆ, ಬರೆಯಲು ಧೈರ್ಯವಿರಲಿಲ್ಲ. ನೀವು ಬರುವುದು ಅಮ್ಮಿಗೆ ಗೊತ್ತಿಲ್ಲ. ಸೋಮವಾರ ದವಾಖಾನೆಗೆ ಹೋಗೋಣ, ನಾನೇ ಓಡಿಸುತ್ತೇನೆ ಎಂದು ಹೇಳಿದ್ದೇನೆ. ಬೇರೆ ಏನು ಹೇಳಿದರೂ ಅವರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ದಾರಿಯಲ್ಲಿ ಹಿಂದಿನ ಸೀಟಿನಿಂದ, "ಫರಹೀನ, ಎಲ್ಲಿಗಿ ಬಂದ್ವಿ ಬೇ?" ಎಂದು ಕೇಳುತ್ತಾರೆ. ಸರಿಪಡಿಸಲು ಹೋಗಬೇಡಿ. ಬರೀ "ಹ್ಞೂಂ" ಎನ್ನಿ. ಡೀಸೆಲ್ ಗಾಡಿಯ ಸದ್ದಿನಲ್ಲಿ ಆ ದನಿ ಯಾರದೆಂದು ಅವರಿಗೆ ತಿಳಿಯುವುದಿಲ್ಲ.